ಎರಡು ಸೇರು ಮರಳು

“ನನ್ನ ಗಂಟು ಎಲ್ಲಿ ಒಗದಿ? ಬಾಯಿ ಬಿಟ್ಟು ಹೇಳ ವೈನಿ!”

“ಹೊಳಿಗೆ ಒಗದೇನಿ. ಏನೀಗ?”

“ಯಾರನ್ನ ಕೇಳಿ ಒಗದಿ?”

“ಯಾರನ್ನ ಕೇಳಬೇಕ? ನನ್ನ ಮನ್ಯಾಗ ಮಾಟದ ಗಂಟು ತಂದಿಟ್ಟಾಕೀನ್ನ ಕೇಳಬೇಕಿತ್ತೇನ?”

ಮಾಟವಂತೆ! ಇನ್ನೊಂದು ದಿನವಾಗಿದ್ದರೆ ನಗುತ್ತಿದ್ದೆನೇನೋ. ಅವತ್ತು ಕೈಯಲ್ಲಿದ್ದ ಲೋಟವನ್ನು ನೆಲಕ್ಕೆ ಕುಕ್ಕಿದ ಹೊಡೆತಕ್ಕೆ ಚಹಾ ಗೋಡೆಯವರೆಗೆ ಸಿಡಿಯಿತು. ಅಣ್ಣನ ಹೆಂಡತಿ ಕಾಶೆವ್ವ ಸೊಂಟದ ಮೇಲೆ ಕೈಯಿಟ್ಟುಕೊಂಡು ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಹೆದರಿದ್ದಾಳೆ ಅನ್ನುವುದು ಮುಖದಲ್ಲೇ ಕಾಣುತ್ತಿತ್ತು. ಆದರೆ ಹೆದರಿದರೂ ಜಾಗ ಬಿಡುವ ಹೆಂಗಸಲ್ಲ ಅವಳು.

“ಕರೀ ಅರಬಿ, ಒಳಗ ಮರಳು, ಜೋಡಿ ನಾಕು ಗಂಟು ಹಾಕಿದ ದಾರ,” ಅಂತ ಬೆರಳು ಮಡಚಿ ಎಣಿಸಿದಳು. “ನಿನ್ನ ಕಾಟಿನ ಬುಡಕ, ಗ್ವಾಡಿಗೆ ಹಚ್ಚಿ ಇಟ್ಟಿದ್ದಿ. ನನಗ ಎರಡ ತಿಂಗಳಿಂದ ತಲಿ ಸಿಡೀತೈತಿ. ನಾ ಏನ ತಿಳ್ಕೋಬೇಕ? ಅಮಾಸಿ ದಿನ ಲಿಂಬಿಹಣ್ಣ ಇಟ್ಟು, ಕಾಯಿ ಒಡದು, ಹೊಳಿಗೆ ಬಿಟ್ಟು, ತಿರುಗಿ ನೋಡದಂಗ ಬಂದೇನಿ.”

“ತಲಿನೋವು ಹೋತೇನ?”

ಕಾಶೆವ್ವ ಹಣೆ ಒತ್ತಿ ನೋಡಿಕೊಂಡಳು. “ಸ್ವಲ್ಪ ಕಡಿಮಿ ಆಗೈತಿ.”

“ಅದು ಮಾಟ ಅಲ್ಲ ನಮ್ಮವ್ವಾ! ಕಾಲಿಗೆ ಕಟ್ಕೊಂಡು ಎತ್ತೂದು! ದವಾಖಾನಿಯವರು ಹೇಳಿದ್ದು!”

“ಕಾಲಿಗೆ ಮರಳು ಕಟ್ಕೋರಿ ಅಂತ ಯಾವ ದವಾಖಾನ್ಯಾಗ ಹೇಳ್ತಾರ? ಸುಳ್ಳ ಹೇಳೂದಾದ್ರ ನಂಬೂವಂಥಾದ್ದು ಹೇಳ.”

ತಪ್ಪು ಪೂರ್ತಿ ಅವಳದಲ್ಲ. ಬಚ್ಚಿಟ್ಟವಳು ನಾನು. ಆ ಎರಡು ಚೀಲಗಳನ್ನು ಹಳೆಯ ಛತ್ರಿಯ ಬಟ್ಟೆಯಿಂದ ಹೊಲಿದಿದ್ದೆ, ಯಾಕೆಂದರೆ ಆ ಬಟ್ಟೆಯಿಂದ ಮರಳು ಸೋರುವುದಿಲ್ಲ. ಒಂದೊಂದರಲ್ಲಿ ಒಂದೊಂದು ಸೇರು ಮರಳು, ಎರಡೂ ತುದಿಗೆ ಲಾಡಿ. ಆ ದಾರ ನನ್ನ ತೊಡೆಯ ಅಳತೆ. ತೊಡೆ ದಪ್ಪವಾದಂತೆಲ್ಲ ದಾರದಲ್ಲಿ ಹೊಸ ಗಂಟು ಹಾಕುತ್ತಿದ್ದೆ. ಎಂಟು ತಿಂಗಳಲ್ಲಿ ನಾಲ್ಕು ಗಂಟು. ಮೊದಲನೆಯದಕ್ಕೂ ಕೊನೆಯದಕ್ಕೂ ನಡುವೆ ಎರಡು ಬೆರಳು ಅಂತರ. ನನ್ನ ನಲವತ್ತೊಂದು ವರ್ಷದಲ್ಲಿ ನಾನು ಗಳಿಸಿದ ಆಸ್ತಿ ಅಂದರೆ ಆ ಎರಡು ಬೆರಳು. ಅದನ್ನು ಅವಳು ಕಾಳಿ ಹೊಳೆಗೆ ಬಿಟ್ಟು, ತಿರುಗಿ ನೋಡದೆ ಬಂದಿದ್ದಳು.

ನನಗೆ ಈ ಜಡ್ಡು ಬಂದದ್ದು ಏಳನೇ ವರ್ಷಕ್ಕೆ. ಧಾರವಾಡ ಜಿಲ್ಲೆಯ ನಮ್ಮ ಹಳ್ಳಿಯಲ್ಲಿ ಒಂದು ಬೆಳಿಗ್ಗೆ ಎದ್ದಾಗ ಎರಡೂ ಮೊಣಕಾಲು ಬಾತಿದ್ದವು, ಮುಟ್ಟಿದರೆ ಸುಡುತ್ತಿದ್ದವು. ಆಮೇಲೆ ಮಣಿಕಟ್ಟು, ಆಮೇಲೆ ಬೆರಳು. ಮುದುಕರ ಸಂದಿವಾತ ಕೂಸಿಗೆ ಹೇಗೆ ಬಂತು ಅಂತ ಊರೆಲ್ಲ ಬಂದು ನೋಡಿಹೋಯಿತು. ಒಬ್ಬ ಬರೆ ಹಾಕಿದ, ಇನ್ನೊಬ್ಬ ಎಣ್ಣೆ ಕೊಟ್ಟ. ಕೊನೆಗೆ ಪಕ್ಕದೂರಿನ ಕಂಪೌಂಡರ ಒಂದು ಬಿಳಿ ಗುಳಿಗೆ ಕೊಟ್ಟ. ನುಂಗಿದ ಮರುದಿನವೇ ನೋವು ಮಾಯ. ಅದನ್ನೇ ಹತ್ತು ವರ್ಷ ನುಂಗಿಸಿದರು. ನನ್ನ ಮುಖ ಹಿಟ್ಟಿನ ಉಂಡೆಯಂತೆ ಉಬ್ಬಿತು. ಹುಡುಗಿ ಮೈತುಂಬಿಕೊಂಡಳು ಅಂತ ಎಲ್ಲರಿಗೂ ಸಂತೋಷ. ಒಳಗೆ ಎಲುಬು ತೆಳ್ಳಗಾಗುತ್ತಿತ್ತು. ಅದು ಯಾರಿಗೆ ಕಾಣಬೇಕು?

ಅಣ್ಣ ಸೋಮಪ್ಪ ನನಗಿಂತ ಆರು ವರ್ಷ ದೊಡ್ಡವನು. ಏಳನೇ ಇಯತ್ತೆಯವರೆಗೆ ನನ್ನನ್ನು ಹೆಗಲ ಮೇಲೆ ಹೊತ್ತು ಶಾಲೆಗೆ ಬಿಟ್ಟವನು ಅವನೇ. ಹೈಸ್ಕೂಲು ಹಳ್ಳದ ಆಚೆ ಇತ್ತು, ಅಲ್ಲಿಗೆ ನನ್ನ ಓದು ಮುಗಿಯಿತು. ಅವ್ವ ಸಾಯುವಾಗ ಅವನ ಕೈಹಿಡಿದು, “ಈಕಿ ಕೈಲೆ ಒಂದ ತಂಬಗಿ ನೀರೂ ಎತ್ತಸಬ್ಯಾಡಪಾ” ಅಂದಿದ್ದಳು. ಅವನು ಆ ಮಾತನ್ನು ಇಪ್ಪತ್ತೆರಡು ವರ್ಷ ಒಂದು ದಿನವೂ ತಪ್ಪದಂತೆ ನಡೆಸಿದ. ದಾಂಡೇಲಿಯ ಕಾಗದದ ಮಿಲ್ಲಿನಲ್ಲಿ ಕೆಲಸ ಸಿಕ್ಕಾಗ ನನ್ನನ್ನೂ ಕರೆತಂದ. ನನಗೆ ಕಾಟು, ನನಗೆ ಬಿಸಿನೀರು, ಕೂತಲ್ಲಿಗೆ ತಾಟು. ಬಸ್ಸು ಹತ್ತುವಾಗ ಎರಡೂ ತೋಳಿನಲ್ಲಿ ಎತ್ತಿ ಸೀಟಿನ ಮೇಲೆ ಇಡುತ್ತಿದ್ದ. ಓಣಿಯ ಹೆಂಗಸರು ತಮ್ಮ ಅಣ್ಣತಮ್ಮಂದಿರನ್ನು ಬೈಯುವಾಗ ಸೋಮಪ್ಪನನ್ನು ನೋಡಿ ಕಲಿಯಿರಿ ಅನ್ನುತ್ತಿದ್ದರು. ಸುಳ್ಳಲ್ಲ. ಅಂಥ ಅಣ್ಣ ಸಿಗುವುದಿಲ್ಲ.

ಈ ಜಗಳದ ಹಿಂದಿನ ವರ್ಷ, ಅಂದರೆ 2002ರ ಮಳೆಗಾಲದಲ್ಲಿ, ಕಾಟಿನ ಅಂಚಿಗೆ ಬಲಗೈ ಊರಿ ಏಳಲು ಹೋದೆ. ಕಟ್ ಅಂತ ಸಪ್ಪಳವಾಯಿತು. ಬೀಳಲಿಲ್ಲ, ಜಾರಲಿಲ್ಲ. ಕೈ ಊರಿದ್ದಕ್ಕೇ ಮಣಿಕಟ್ಟು ಮುರಿದಿತ್ತು.

ಹುಬ್ಬಳ್ಳಿಯ ದವಾಖಾನೆಯಲ್ಲಿ ಕೈಗೆ ಪಟ್ಟಿ ಹಾಕಿದರು. ಎಲುಬಿನ ಫೋಟೋ ನೋಡಿ ದೊಡ್ಡ ಡಾಕ್ಟರರು ಮೊದಲು ನನ್ನ ವಯಸ್ಸು ಕೇಳಿದರು, ಆಮೇಲೆ ಮತ್ತೊಮ್ಮೆ ಕೇಳಿದರು. ಸಂದಿವಾತಕ್ಕೆ ವಾರಕ್ಕೊಮ್ಮೆ ನುಂಗುವ ಹಳದಿ ಗುಳಿಗೆ ಬರೆದರು. ಎಲುಬಿಗೆ ಬೇರೆ ಗುಳಿಗೆ. ಆಮೇಲೆ ವ್ಯಾಯಾಮ ಕಲಿಸುವ ಬಾಯಿ ಬಂದಳು, ಮೂವತ್ತು ವರ್ಷದ ಗಟ್ಟಿ ಹೆಂಗಸು, ಕೊರಳಲ್ಲಿ ದರ್ಜಿಯ ಟೇಪು. ನನ್ನ ತೊಡೆಗೆ ಟೇಪು ಸುತ್ತಿ, ತನ್ನ ತೋಳಿಗೆ ಸುತ್ತಿ, ಎರಡನ್ನೂ ನನಗೇ ತೋರಿಸಿದಳು. ಅವಳ ತೋಳೂ ನನ್ನ ತೊಡೆಯೂ ಹೆಚ್ಚುಕಡಿಮೆ ಒಂದೇ ದಪ್ಪ.

“ಸಣ್ಣಾಕಿ ಇದ್ದಾಗಿಂದ ಜಡ್ಡು ತಿಂದದ್ದು ಅರ್ಧ ಅಕ್ಕಾರ,” ಅಂದಳು. “ಉಳದರ್ಧ ನೀವು ಕುಂತು ಕಳಕೊಂಡೀರಿ. ಎಲುಬಿಗೆ ಭಾರ ಬೀಳಬೇಕು, ಮಾಂಸಕ್ಕ ಎಳೆತ ಬೀಳಬೇಕು. ಬೀಳಲಿಲ್ಲಂದ್ರ ಎರಡೂ ಸೊರಗತಾವ. ಈಗ ಕೈ ಮುರೀತು. ಇನ್ನೊಮ್ಮೆ ತೊಡಿಸಂದು ಮುರದ್ರ, ಹಾಸಗಿ ಬಿಟ್ಟು ಏಳೂದು ಕಷ್ಟ.”

ನನಗೆ ಸಿಟ್ಟು ಬಂತು. ಅವಳ ಮೇಲಲ್ಲ. ಮೂವತ್ತಮೂರು ವರ್ಷದಲ್ಲಿ ಈ ಮಾತನ್ನು ನನಗೆ ಹೇಳಿದವರೇ ಇರಲಿಲ್ಲ.

ಮರಳಿನ ಚೀಲ ಹೊಲಿಯುವುದು, ಕುರ್ಚಿಯಲ್ಲಿ ಕೂತು ಕಾಲು ನೆಟ್ಟಗೆ ಮಾಡಿ ಹತ್ತು ಎಣಿಸುವುದು, ಇಟ್ಟಿಗೆಯ ಮೇಲೆ ಹತ್ತಿ ಇಳಿಯುವುದು, ಎಲ್ಲ ಅವಳೇ ಕಲಿಸಿದಳು. ಒಂದು ಪಾವು ಮರಳಿನಿಂದ ಶುರು ಮಾಡಿ, ಕೀಲು ಬಾತು ಬಿಸಿಯಾದ ದಿನ ಚೀಲ ಮುಟ್ಟಬೇಡಿ, ಅಂದಿದ್ದಳು.

ಮನೆಗೆ ಬಂದು ಅಣ್ಣನಿಗೆ ಹೇಳಿದೆ. ಅವನ ಮುಖ ಕೆಂಪಾಯಿತು. “ಕೈ ಊರಿದ್ದಕ್ಕ ಮುರದ ಎಲುಬು, ಭಾರ ಎತ್ತಿದ್ರ ಉಳೀತೈತೇನ? ಆ ಬಾಯಿಗೆ ಬುದ್ಧಿ ಐತೋ ಇಲ್ಲೋ?” ಅಂದ. ಆವತ್ತಿನಿಂದ ನೀರಿನ ತಂಬಿಗೆಯನ್ನೂ ನನ್ನ ಕೈಗೆ ಎಟುಕದ ಹಾಗೆ ಮೇಲಿನ ಹಲಗೆಯ ಮೇಲೆ ಇಡಿಸಿದ. ಎಲುಬು ಮುರಿದದ್ದು ನನ್ನನ್ನು ಕೂರಿಸಿಟ್ಟಿದ್ದಕ್ಕೆ ಅನ್ನುವುದು ಅವನ ತಲೆಗೆ ಹೋಗಲೇ ಇಲ್ಲ. ಮುರಿದ ಮೇಲೆ ಇನ್ನಷ್ಟು ಕೂರಿಸಿದ.

ಅದಕ್ಕೇ ಬಚ್ಚಿಟ್ಟೆ. ಮಧ್ಯಾಹ್ನ ಕಾಶೆವ್ವ ಪಕ್ಕದ ಮನೆಗೆ ಟೀವಿಯ ಧಾರಾವಾಹಿ ನೋಡಲು ಹೋದಾಗ ಬಾಗಿಲು ಹಾಕಿಕೊಂಡು ಚೀಲ ಕಟ್ಟುತ್ತಿದ್ದೆ. ಮೊದಲ ದಿನ ಒಂದು ಪಾವು ಮರಳಿಗೆ ಕಾಲು ಮೇಲೇಳಲಿಲ್ಲ. ತೊಡೆ ನಡುಗಿತು, ಕಣ್ಣಲ್ಲಿ ನೀರು ಬಂತು, ಬಾಯಿಂದ ಬೈಗುಳ ಬಂತು. ಮರಳಿಗೇ ಬೈದೆ. ಏಳನೇ ದಿನ ಎದ್ದಿತು. ಹಿತ್ತಲಲ್ಲಿ ಬಿದ್ದಿದ್ದ ಇಟ್ಟಿಗೆಗಳನ್ನು ಒಂದೊಂದಾಗಿ ತಂದು ಪೇರಿಸಿದೆ. ಒಂದು ಇಟ್ಟಿಗೆ ಹತ್ತಲು ಒಂದು ತಿಂಗಳು, ಎರಡಕ್ಕೆ ಇನ್ನೂ ಎರಡು ತಿಂಗಳು. ಮೂರಕ್ಕೆ ಮುಟ್ಟಿದಾಗ ಬೇಸಿಗೆ ಬಂದಿತ್ತು. ನೋವು ಹೋಯಿತೇ ಅಂತ ಕೇಳಬೇಡಿ. ನೋವು ಇದ್ದಲ್ಲೇ ಇತ್ತು. ನಾನು ಅದರ ಪಕ್ಕದಲ್ಲಿ ಎದ್ದು ನಿಂತೆ, ಅಷ್ಟೇ.

ನನಗೆ ನಾಲ್ಕು ಇಟ್ಟಿಗೆ ಎತ್ತರ ಬೇಕಿತ್ತು. ಬಸ್ಸಿನ ಮೆಟ್ಟಿಲು ಅಷ್ಟು ಎತ್ತರ.

ಬಸ್ಸು ಯಾಕೆಂದರೆ ಗೋದುಬಾಯಿ. ದವಾಖಾನೆಯಲ್ಲಿ ಪಕ್ಕದ ಕಾಟಿನಲ್ಲಿ ಕಾಲು ಮುರಿದುಕೊಂಡು ಮಲಗಿದ್ದಾಕೆ. ಮುಂಡಗೋಡಿನ ಬಸ್‌ಸ್ಟ್ಯಾಂಡಿನ ಹತ್ತಿರ ಅವಳದೊಂದು ಖಾನಾವಳಿ. ಅನ್ನ ಬಡಿಸುವಾಗ ಸೌಟಿನಿಂದ ಹೊಡೆಯುವ ಹಾಗೆ ಮಾತಾಡುವ ಹೆಂಗಸು. ಹದಿನೈದು ದಿನ ಜಗಳಾಡಿ ನಾವು ಗೆಳತಿಯರಾದೆವು. ಬಿಡುಗಡೆಯ ದಿನ ಅವಳು ಹೇಳಿದಳು: “ರೊಟ್ಟಿ ಬಡಿಯಾಕ ಮಂದಿ ಅದಾರ. ಬೇಯಿಸಾಕ, ಬಡಸಾಕ, ಮಂದಿ ಮ್ಯಾಲ ಒದರಾಕ ಒಬ್ಬಾಕಿ ಬೇಕು. ನಿನ್ನ ಬಾಯಿ ನನಗ ಭಾಳ ಸೇರೇತಿ. ಇರಾಕ ಖೋಲಿ ಐತಿ. ಆದ್ರ ಮಾಲವ್ವಾ, ನೀ ಬಸ್ ಹತ್ತಿ ಇಳದು ನಿನ್ನ ಕಾಲಿಲೆ ಬರಬೇಕು. ಯಾರರ ಎತ್ಕೊಂಡು ತಂದಿಟ್ರ, ಹಂಗ ವಾಪಸ್ ಕಳಸ್ತೇನಿ. ಒಲಿ ಮುಂದ ಎತ್ತಿ ನಿಲ್ಲಸಾಕ ನನ್ನ ಕಡೆ ಯಾರೂ ಇಲ್ಲ.”

ಈಗ ಗೊತ್ತಾಯಿತಲ್ಲ, ಕಾಶೆವ್ವ ಹೊಳೆಗೆ ಬಿಟ್ಟದ್ದು ಏನು ಅಂತ.

ಜಗಳ ನಡೆದಿರುವಾಗಲೇ ಅಣ್ಣ ಮೊದಲ ಪಾಳಿ ಮುಗಿಸಿ ಬಂದ. ಚಹಾ ಬಳಿದ ಗೋಡೆ ನೋಡಿದ, ನಿಂತಿದ್ದ ನನ್ನನ್ನು ನೋಡಿದ. ಅವನ ಬಾಯಿಂದ ಬರುವ ಮೊದಲ ಮಾತು ಯಾವಾಗಲೂ ಒಂದೇ.

“ಮಾಲಾ, ಕುಂಡ್ರು.”

“ಕುಂಡ್ರೂದಿಲ್ಲ.”

ಕಾಶೆವ್ವ ಎಲ್ಲ ಹೇಳಿದಳು. ಮರಳು, ದಾರ, ಅಮಾವಾಸ್ಯೆ. ನಾನು ಇಟ್ಟಿಗೆಯದನ್ನೂ ಹೇಳಿಬಿಟ್ಟೆ. ಅವನು ಬುತ್ತಿಡಬ್ಬಿಯನ್ನು ಕೆಳಗಿಟ್ಟು, ಗೋಡೆಗೆ ಬೆನ್ನು ಕೊಟ್ಟು ಕೂತ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

“ಎಂಟ ತಿಂಗಳು ನನ್ನ ಕಣ್ಣಿಗೆ ಮಣ್ಣ ಹಾಕೀದಿ,” ಅಂದ. “ಬಿದ್ದಿದ್ರ?”

“ಬಿದ್ದಿಲ್ಲ.”

“ಇನ್ನ ಬೀಳೂದು ಬ್ಯಾಡ. ಆಯ್ತವಾರ ಹಳಿಯಾಳದಾಗ ಅಂಗವಿಕಲರಿಗೆ ಗಾಲಿಕುರ್ಚಿ ಹಂಚೂ ಕಾರ್ಯಕ್ರಮ ಐತಿ. ಆರು ತಿಂಗಳ ಓಡಾಡಿ ನಿನ್ನ ಹೆಸರು ಪಟ್ಟ್ಯಾಗ ಹಾಕಿಸೇನಿ. ಆವತ್ತಿನಿಂದ ನಿನ್ನ ಕಾಲು ನೆಲಕ್ಕ ತಾಗೂದಿಲ್ಲ.”

ಅವನು ಅದನ್ನು ಉಡುಗೊರೆ ಕೊಡುವವನ ಹಾಗೆ ಹೇಳಿದ. ಅದೇ ನನ್ನನ್ನು ಉರಿಸಿದ್ದು.

“ನನಗ ಕುರ್ಚಿ ಬ್ಯಾಡ.”

“ನಾ ಮುದುಕ ಆಗಾಕ ಹತ್ತೇನಿ ಮಾಲಾ. ಇನ್ನೆಷ್ಟ ವರ್ಷ ಎತ್ತಲಿ?”

“ಎತ್ತು ಅಂತ ಹೇಳ್ದವರ್ಯಾರು? ನೋಡ್ಕೋ ನಿನ್ನ ಹೆಗಲಾ! ನನ್ನ ಹೊತ್ತು ಹೊತ್ತು ಹೆಂಗ ಗಟ್ಟಿ ಆಗ್ಯಾವ. ಆ ಬಲ ನನ್ನ ಕಾಲಿಗೆ ಬರಬೇಕಿತ್ತು ಅಣ್ಣಾ. ನನ್ನ ಭಾರ ನೀ ತಿಂದೀದಿ.”

ಕಾಶೆವ್ವ “ಅಯ್ಯ ಶಿವನ” ಅಂದು ಬಾಯಿಗೆ ಸೆರಗು ಹಿಡಿದಳು. ಅಣ್ಣ ಎದ್ದು ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತ. ರಾತ್ರಿ ಊಟಕ್ಕೂ ಕರೆಯಬೇಕಾಯಿತು.

ಮಾತು ಒರಟಾಗಿತ್ತು. ವಾಪಸು ತೆಗೆದುಕೊಳ್ಳಲಿಲ್ಲ, ಈಗಲೂ ತೆಗೆದುಕೊಳ್ಳುವುದಿಲ್ಲ.

ಹಳಿಯಾಳಕ್ಕೆ ಬರುತ್ತೇನೆ ಅಂತ ಮರುದಿನ ನಾನೇ ಹೇಳಿದೆ. ಅಣ್ಣನ ಮುಖ ಅರಳಿತು. ಅವನಿಗೆ ಹೇಳದ್ದು ಒಂದೇ: ಹಳಿಯಾಳದಲ್ಲಿ ಬಸ್‌ಸ್ಟ್ಯಾಂಡ್ ಇದೆ, ಅಲ್ಲಿಂದ ಹುಬ್ಬಳ್ಳಿ ಬಸ್ಸು ಇದೆ, ಹುಬ್ಬಳ್ಳಿಯಿಂದ ಮುಂಡಗೋಡಿನ ಬಸ್ಸು ಇದೆ. ಕೈಚೀಲದಲ್ಲಿ ಎರಡು ಸೀರೆ, ಗುಳಿಗೆ, ಎಲುಬಿನ ಫೋಟೋ ಹಾಕಿಕೊಂಡೆ. ನಾಲ್ಕನೇ ಇಟ್ಟಿಗೆಯನ್ನು ಒಂದು ಸಲವೂ ಹತ್ತಿರಲಿಲ್ಲ.

ಆಯ್ತವಾರ ಅಣ್ಣ ಗೆಳೆಯನ ಟ್ರಾಕ್ಸ್ ಗಾಡಿ ತಂದ, ಕಾಶೆವ್ವನೂ ಹೊರಟಳು. ನನ್ನನ್ನು ಎತ್ತಿಯೇ ಒಳಗೆ ಕೂರಿಸಿದ. ಸುಮ್ಮನಿದ್ದೆ. ಅದು ಕೊನೆಯದು ಅಂತ ನನಗೆ ಗೊತ್ತಿತ್ತು, ಅವನಿಗೆ ಗೊತ್ತಿರಲಿಲ್ಲ.

ಹಳಿಯಾಳದ ಮೈದಾನದಲ್ಲಿ ಪೆಂಡಾಲು, ವೇದಿಕೆಯ ಮೇಲೆ ಸಾಲಾಗಿ ಹೊಸ ಗಾಲಿಕುರ್ಚಿಗಳು, ಅವುಗಳ ಹಿಡಿಕೆಗೆ ಇನ್ನೂ ಪ್ಲಾಸ್ಟಿಕ್ಕು. ಕುರ್ಚಿ ಹಂಚುವ ಸಂಘದ ಹುಡುಗರು ಬಂದು, “ಹೆಸರು ಕರದಾಗ ಯಾರೂ ಏಳಬ್ಯಾಡ್ರಿ, ನಾವ ಎತ್ಕೊಂಡು ಹೋಗ್ತೇವಿ, ಫೋಟೋ ಚಲೋ ಬರಬೇಕು” ಅಂತ ಹೇಳಿಹೋದರು. ನನ್ನ ಪಕ್ಕದಲ್ಲಿ ಗೂಳಪ್ಪ ಅನ್ನುವವನು ಕೂತಿದ್ದ. ಎರಡೂ ಕಾಲು ಸಣ್ಣವನಿದ್ದಾಗಲೇ ಪೋಲಿಯೊದಿಂದ ಹೋಗಿದ್ದವು. ಕೈಗೆ ಹಳೆಯ ಚಪ್ಪಲಿ ಕಟ್ಟಿಕೊಂಡು ತೆವಳಿಕೊಂಡೇ ಬಂದಿದ್ದ. ಅವನ ಹೆಸರು ಪಟ್ಟಿಯಲ್ಲಿ ಇರಲಿಲ್ಲ.

“ಬಂದೇನಿ, ನೋಡೂಣು. ಒಂದರ ಉಳೀಬಹುದು,” ಅಂದ.

“ಮಾಲವ್ವ!” ಅಂತ ಮೈಕಿನಲ್ಲಿ ಕೂಗಿದರು.

ಹುಡುಗರು ಬರುವ ಮೊದಲೇ ಎದ್ದೆ. ಊರಿಕೊಳ್ಳುವ ಬಡಿಗೆ ಎಡಗೈಯಲ್ಲಿ. ವೇದಿಕೆಗೆ ನಾಲ್ಕು ಮೆಟ್ಟಿಲು, ಗಿಡ್ಡ ಮೆಟ್ಟಿಲು. ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಸೋತ ಕಾಲು ಮೊದಲು ಅಂತ ವ್ಯಾಯಾಮದ ಬಾಯಿ ಕಲಿಸಿದ್ದಳು. ಬಲಗಾಲು ಇಟ್ಟೆ, ಎಡಗಾಲು ಎಳೆದೆ. ನಾಲ್ಕು ಸಲ.

ಮೈಕು ಹಿಡಿದವನು ನನ್ನನ್ನು ನೋಡಿ, “ಅಕ್ಕಾರ, ನೀವು ಕೆಳಗ ಇಳೀರಿ. ಫಲಾನುಭವಿ ಬರಲಿ,” ಅಂದ.

“ನಾನ ಫಲಾನುಭವಿ.”

ಪೆಂಡಾಲಿನ ತುಂಬ ನಗು ಎದ್ದಿತು. ಮೈಕು ತೆರೆದೇ ಇತ್ತು. ಅದಕ್ಕೇ ಬಾಯಿ ಹಚ್ಚಿ ಹೇಳಿದೆ: “ನನಗ ಕುರ್ಚಿ ಬ್ಯಾಡ್ರಿ. ಅಲ್ಲಿ ಗೂಳಪ್ಪ ಕುಂತಾನ, ಅವಗ ಕೊಡ್ರಿ. ಅವಗ ಅದು ಕಾಲು ಆಗ್ತೈತಿ. ನಾ ಕುಂತ್ರ ಇದ್ದ ಕಾಲು ಹೋಗ್ತಾವ.”

“ಪಟ್ಟಿ ನೋಡಬೇಕಾಗ್ತೈತ್ರಿ…”

“ಪಟ್ಟಿ ಆಮ್ಯಾಲ ನೋಡ್ರಿ. ಮೊದಲ ಅವನ ಕೈ ನೋಡ್ರಿ.”

ಕುರ್ಚಿ ಅವನಿಗೆ ಸಿಕ್ಕಿತೋ ಇಲ್ಲವೋ ನನಗೆ ಗೊತ್ತಿಲ್ಲ. ಮೆಟ್ಟಿಲು ಇಳಿಯುವುದರಲ್ಲೇ ನನ್ನ ಗಮನವೆಲ್ಲ ಇತ್ತು. ಕೆಳಗೆ ಬಂದಾಗ ಯಾರೋ ಅಣ್ಣನಿಗೆ ಕೇಳುವಂತೆ ಹೇಳುತ್ತಿದ್ದರು: “ನಡ್ಯಾಕ ಬರೂ ತಂಗಿ ಹೆಸರಲೆ ಕುರ್ಚಿ ಹೊಡಿಯಾಕ ಬಂದಾನ ನೋಡ ಮಗ.”

ನಾನು ನಿಲ್ಲದೆ ರಸ್ತೆಗೆ ಬಂದೆ. ಅಣ್ಣ ಹಿಂದೆ, ಅವನ ಹಿಂದೆ ಕಾಶೆವ್ವ.

“ಸಮಾಧಾನ ಆತೇನ?” ಅಂದ. “ನಾಕ ಮಂದ್ಯಾಗ ನನ್ನ ಕಳ್ಳನ್ನ ಮಾಡಿದಿ. ಇಪ್ಪತ್ತೆರಡ ವರ್ಷ ಹೂವಿನಂಗ ನೋಡ್ಕೊಂಡಿದ್ದಕ್ಕ ಇದು?”

“ಹೂವಿನಂಗ ಇಟ್ಟಿದ್ದಕ್ಕ ಬಾಡೇನಿ.”

“ಅವ್ವಗ ಮಾತ ಕೊಟ್ಟೇನಿ ಮಾಲಾ!”

“ನನ್ನ ಕೇಳಿ ಕೊಟ್ಟಿಯೇನ? ನಾನೂ ಅಲ್ಲೇ ಕಾಲಹಂತೇಕ ಕುಂತಿದ್ನಲ್ಲ? ನಿನಗೇನ ಬೇಕ ಮಾಲಾ ಅಂತ ಅವ್ವನೂ ಕೇಳಲಿಲ್ಲ, ನೀನೂ ಕೇಳಲಿಲ್ಲ.”

ಬಸ್‌ಸ್ಟ್ಯಾಂಡಿನವರೆಗೆ ಮೂರು ಸಲ ನಿಂತು ಉಸಿರು ತೆಗೆದುಕೊಂಡೆ. ಮೂರು ಸಲವೂ ಅವನೂ ಹತ್ತು ಹೆಜ್ಜೆ ಹಿಂದೆ ನಿಂತ. ಎಲ್ಲಿಗೆ ಹೊರಟಿದ್ದೀ ಅಂತ ಕೇಳಿದ. ಹೇಳಿದೆ. ಮುಂಡಗೋಡು, ಗೋದುಬಾಯಿ, ಖಾನಾವಳಿ. ಅವನು ನಂಬಲಿಲ್ಲ. ನನ್ನ ಕೈಚೀಲದಲ್ಲಿದ್ದ ಸೀರೆ ನೋಡಿದ ಮೇಲೆ ನಂಬಿದ.

ಹುಬ್ಬಳ್ಳಿ ಬಸ್ಸು ಇಂಜಿನ್ ಚಾಲೂ ಮಾಡಿಕೊಂಡು ನಿಂತಿತ್ತು. ಮೆಟ್ಟಿಲು ನೋಡಿದೆ. ನಾಲ್ಕು ಇಟ್ಟಿಗೆಯಲ್ಲ, ನಾಲ್ಕೂವರೆ ಇರಬೇಕು. ಬಡಿಗೆಯನ್ನು ಒಳಗೆಸೆದು ಎಡಗೈಯಿಂದ ಸರಳು ಹಿಡಿದೆ. ಬಲಗೈಗೆ ಈಗಲೂ ಹೆಚ್ಚು ಭಾರ ಹಾಕುವಂತಿಲ್ಲ. ಬಲಗಾಲು ಎತ್ತಿ ಇಟ್ಟೆ. ಮೈ ಮೇಲಕ್ಕೆ ಬರಲಿಲ್ಲ. ಮತ್ತೆ ಕೆಳಗಿಳಿದೆ.

“ಲಗೂ ಹತ್ರಿ,” ಅಂದ ಕಂಡಕ್ಟರ್. ಅಣ್ಣನ ಕಡೆ ನೋಡಿ, “ಯಜಮಾನ್ರ, ಹಿಂದಿಂದ ಸ್ವಲ್ಪ ಎತ್ರಲಾ.”

ಅಣ್ಣನ ಎರಡೂ ತೋಳು ಆಗಲೇ ಮುಂದೆ ಬಂದಿದ್ದವು.

“ಕೈ ಹಚ್ಚಿದ್ರ ನೋಡ!” ಅಂತ ಒದರಿದೆ. ಸ್ಟ್ಯಾಂಡಿನ ಮಂದಿಯೆಲ್ಲ ತಿರುಗಿದರು. “ಕಂಡಕ್ಟರ್, ಬಾಯಿ ಮುಚ್ಕೊಂಡು ಎರಡ ಮಿನಿಟ ತಡೀಪಾ. ನಾ ಮೂವತ್ತ ವರ್ಷ ತಡದೇನಿ.”

ಆಗ ಕಾಶೆವ್ವ ಮುಂದೆ ಬಂದು ಗಂಡನ ಅಂಗಿ ಹಿಡಿದು ಹಿಂದಕ್ಕೆ ಎಳೆದಳು. “ಬಿಡ್ರಿ,” ಅಂದಳು. “ಹತ್ತಲಿ ಆಕಿ.”

ಬಲಗಾಲು ಇಟ್ಟೆ. ಈ ಸಲ ಮೈಯನ್ನು ಮುಂದಕ್ಕೆ ಬಾಗಿಸಿ, ತೊಡೆಯ ಮೇಲೆ ಭಾರ ಹಾಕಿದೆ. ತೊಡೆ ನಡುಗಿತು. ಮೊದಲ ದಿನ ಒಂದು ಪಾವಿಗೆ ನಡುಗಿದ ಹಾಗೆಯೇ ನಡುಗಿತು. ಆದರೆ ಬಿಟ್ಟುಕೊಡಲಿಲ್ಲ. ಆ ಎರಡು ಬೆರಳು ಮಾಂಸ ಅಲ್ಲಿ ಇತ್ತು, ಹೊಳೆಗೆ ಹೋಗಿರಲಿಲ್ಲ. ಎಡಗಾಲು ನೆಲ ಬಿಟ್ಟಿತು, ತೂಗಾಡಿತು, ಮೆಟ್ಟಿಲಿಗೆ ಬಂತು. ಎರಡನೇ ಮೆಟ್ಟಿಲು. ಮೂರನೆಯದು. ಬಡಿಗೆ ಎತ್ತಿಕೊಂಡು ಕಿಟಕಿಯ ಹತ್ತಿರ ಕೂತೆ. ಬಾಯಿ ಒಣಗಿ ಅಂಟಿಕೊಂಡಿತ್ತು. ಕಂಡಕ್ಟರ್ ಬಂದಾಗ “ಹುಬ್ಬಳ್ಳಿ, ಒಂದು” ಅನ್ನಲು ಎರಡು ಸಲ ಬಾಯಿ ತೆರೆಯಬೇಕಾಯಿತು.

ಕಾಶೆವ್ವನ ಹಾಗೆ ತಿರುಗಿ ನೋಡದೆ ಬಂದೆ ಅಂತ ಹೇಳಿದರೆ ಸುಳ್ಳಾಗುತ್ತದೆ. ನೋಡಿದೆ. ಅಣ್ಣ ಸ್ಟ್ಯಾಂಡಿನ ನಡುವೆ ನಿಂತಿದ್ದ. ತೋಳುಗಳು ಇನ್ನೂ ಅರ್ಧ ಎತ್ತಿದಂತೆಯೇ ಇದ್ದವು, ಅವುಗಳನ್ನು ಎಲ್ಲಿಡಬೇಕೆಂದು ತಿಳಿಯದವನ ಹಾಗೆ. ಕಾಶೆವ್ವ ಅವನ ಅಂಗಿ ಬಿಟ್ಟಿರಲಿಲ್ಲ. ಬಸ್ಸು ಹೊರಟಿತು.

ಆ ಮನೆಗೆ ನಾನು ತಿರುಗಿ ಹೋಗಲಿಲ್ಲ.